ಗುಡ್ಡದ ಮೇಲಿನ ಕಲ್ಲುಗುಪ್ಪೆ: ಮೂರು ಸಾವಿರ ವರ್ಷದ ಸಮಾಧಿ ಅಲ್ಲೇ ಯಾಕಿದೆ?

2021ರಲ್ಲಿ ಭಾರತ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಆರು ಹೊಸ ಜಾಗಗಳನ್ನು ಸೇರಿಸಿತು. ಅವುಗಳಲ್ಲಿ ಒಂದು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್, ಹಳೆಯ ಕಲ್ಲಿನ ಸಮಾಧಿಗಳಿರುವ ಗುಡ್ಡ. ತಾತ್ಕಾಲಿಕ ಪಟ್ಟಿ ಅಂದರೆ ಮೊದಲ ಮೆಟ್ಟಿಲು. ಈ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಮುಂದೆ ವಿಶ್ವ ಪರಂಪರೆಯ ತಾಣವಾಗಲು ಅರ್ಜಿ ಹಾಕಬಹುದು. ಅದೇ ಆರರಲ್ಲಿದ್ದ ಮರಾಠರ ಕೋಟೆಗಳಿಗೆ 2025ರಲ್ಲಿ ಆ ಪಟ್ಟ ಸಿಕ್ಕಿತು. ಅದಕ್ಕೆ ಒಂದು ವರ್ಷ ಮೊದಲು ಅಸ್ಸಾಮಿನ ಅಹೋಂ ರಾಜರ ಸಮಾಧಿ ದಿಬ್ಬಗಳಿಗೂ ಸಿಕ್ಕಿತ್ತು. ಹೀಗಾಗಿ ಹಿರೇಬೆಣಕಲ್ ಸರದಿ ಯಾವಾಗ ಅಂತ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಅಲ್ಲಿನ ಕಲ್ಲಿನ ಮನೆಗಳ ಫೋಟೋಗಳನ್ನು ನೀವೂ ನೋಡಿರುತ್ತೀರಿ.

ಆ ಫೋಟೋಗಳಲ್ಲಿ ಕಾಣುವುದು ದೊಡ್ಡ ಚಪ್ಪಡಿಗಳು. ಅದೇ ಕಾಲದ, ಅದೇ ಜನರ ಇನ್ನೊಂದು ಬಗೆಯ ಸಮಾಧಿ ಇದೆ. ಫೋಟೋದಲ್ಲಿ ಅದು ಅಷ್ಟು ಚಂದ ಕಾಣುವುದಿಲ್ಲ. ನೋಡಿದರೆ ಸುಮ್ನೆ ಕಲ್ಲು ಸುರಿದ ಗುಡ್ಡೆ. ಅದೇ ಕಲ್ಲುಗುಪ್ಪೆ. ರಾಯಚೂರು, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗದ ಕಡೆ ಹೊಲದಂಚಿನಲ್ಲಿ, ಗುಡ್ಡದ ಬುಡದಲ್ಲಿ ಇಂಥವು ಬೇಕಾದಷ್ಟಿವೆ. ಜನ ದಿನಾ ಅದರ ಪಕ್ಕದಲ್ಲೇ ಓಡಾಡುತ್ತಾರೆ. ಇವು ಏನು, ಯಾರು ಕಟ್ಟಿದ್ದು, ಅದಕ್ಕಿಂತ ಮುಖ್ಯವಾಗಿ ಇರುವ ಜಾಗದಲ್ಲೇ ಯಾಕಿವೆ ಅನ್ನುವುದನ್ನು ಇಲ್ಲಿ ನೋಡೋಣ.

ಮೊದಲು ಬಗೆಗಳು

ದೊಡ್ಡ ಕಲ್ಲುಗಳನ್ನು ಬಳಸಿ ಸತ್ತವರಿಗಾಗಿ ಕಟ್ಟಿದ ರಚನೆಗಳಿಗೆ ಒಟ್ಟಾಗಿ ಬೃಹತ್ ಶಿಲಾ ಸಮಾಧಿಗಳು ಎನ್ನುತ್ತಾರೆ. ಅವುಗಳಲ್ಲಿ ನಮ್ಮ ಕಡೆ ಸಿಗುವ ಮುಖ್ಯ ಬಗೆಗಳು ಇವು.

ಕಲ್ಲುಗುಪ್ಪೆ: ನೆಲದಲ್ಲಿ ಗುಂಡಿ ತೋಡಿ, ಮೂಳೆ ಮಡಕೆಗಳನ್ನಿಟ್ಟು, ಮಣ್ಣು ಮುಚ್ಚಿ, ಮೇಲೆ ಕಲ್ಲು ಪೇರಿಸಿದ್ದು. ಸುತ್ತ ದಪ್ಪ ಗುಂಡುಕಲ್ಲುಗಳನ್ನು ಉಂಗುರದ ಹಾಗೆ ಇಟ್ಟಿರುವುದೂ ಉಂಟು. ಗುಪ್ಪೆಯೇ ಇಲ್ಲದೆ ಉಂಗುರ ಮಾತ್ರ ಇದ್ದರೆ ಅದು ಕಲ್ಲಿನ ವೃತ್ತ.

ಕಲ್ಲಿನ ಪೆಟ್ಟಿಗೆ: ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ್ದು. ಪೂರ್ತಿ ನೆಲದೊಳಗೆ ಇರುತ್ತದೆ. ಅದೇ ರಚನೆ ನೆಲದ ಮೇಲೆ ಎದ್ದು ನಿಂತಿದ್ದರೆ ಕಲ್ಲಿನ ಮನೆ. ಹಿರೇಬೆಣಕಲ್‌ನ ಫೋಟೋಗಳಲ್ಲಿ ಕಾಣುವುದು ಇದೇ.

ನಿಲಸುಗಲ್ಲು: ಒಂಟಿಯಾಗಿ ನೆಟ್ಟ ಎತ್ತರದ ಕಲ್ಲು.

ಇವೆಲ್ಲ ಒಂದರೊಳಗೊಂದು ಬೆರೆಯುತ್ತವೆ. ಕಲ್ಲುಗುಪ್ಪೆಯ ಕೆಳಗೆ ಪೆಟ್ಟಿಗೆ ಇರಬಹುದು. ಪೆಟ್ಟಿಗೆಯ ಸುತ್ತ ವೃತ್ತ ಇರಬಹುದು. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು: ಇವೆಲ್ಲವೂ ಹೆಣ ಹೂತ ಜಾಗಗಳಲ್ಲ. ನಿಲಸುಗಲ್ಲುಗಳ ಬುಡದಲ್ಲಿ ಹೆಚ್ಚಾಗಿ ಏನೂ ಸಿಗುವುದಿಲ್ಲ. ಬಂಡೆಯ ಮೇಲೇ ನಿಲ್ಲಿಸಿದ ಎಷ್ಟೋ ಕಲ್ಲಿನ ಮನೆಗಳ ಒಳಗೂ ಮೂಳೆ ಇಲ್ಲ. ಅವು ಸತ್ತವರ ನೆನಪಿಗೆ ಕಟ್ಟಿದವು ಇರಬಹುದು ಎನ್ನುವುದು ಹಲವು ವಿದ್ವಾಂಸರ ಅಭಿಪ್ರಾಯ.

ಕಲ್ಲಿನ ಕೆಳಗೆ ಏನಿದೆ?

ಕರ್ನಾಟಕದಲ್ಲಿ ಇದನ್ನು ಮೊದಲು ಸರಿಯಾಗಿ ಅಗೆದು ನೋಡಿದವರಲ್ಲಿ ಒಬ್ಬರು ಫಿಲಿಪ್ ಮೆಡೋಸ್ ಟೇಲರ್. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದವರು. 1850ರ ಆಸುಪಾಸಿನಲ್ಲಿ ಅವರು ಜೇವರ್ಗಿಯ ಕಲ್ಲುಗುಪ್ಪೆಗಳನ್ನು ಬಿಚ್ಚಿ ನೋಡಿದರು. ಆಗ ಬಹಳ ಜನ ವಸ್ತು ಸಿಕ್ಕರೆ ಸಾಕು ಎಂದು ಅಗೆಯುತ್ತಿದ್ದರು. ಟೇಲರ್ ಹಾಗೆ ಮಾಡಲಿಲ್ಲ. ಗುಪ್ಪೆಯನ್ನು ಮೇಲಿಂದ ಕೆಳಗೆ ಸೀಳಿದರೆ ಒಳಗಿನ ಪದರಗಳು ಹೇಗೆ ಕಾಣುತ್ತವೆ ಅಂತ ಚಿತ್ರ ಬರೆದಿಟ್ಟರು. ಮೇಲೆ ಕಲ್ಲು, ಅದರ ಕೆಳಗೆ ಮಣ್ಣು, ತಳದಲ್ಲಿ ಮೂಳೆ ಮತ್ತು ಮಡಕೆ. ಕೆಲವು ಕಡೆ ತಲೆಬುರುಡೆ ಮೈಯಿಂದ ಬೇರೆಯಾಗಿ ಬಿದ್ದಿತ್ತು. ಅದನ್ನು ಕಂಡು ಅವರು ನರಬಲಿ ಎಂದು ಊಹಿಸಿದರು. ಇಂಗ್ಲೆಂಡಿನ ಕಲ್ಲುಗುಪ್ಪೆಗಳಿಗೂ ಇವಕ್ಕೂ ಹೋಲಿಕೆ ಕಂಡು, ಎರಡನ್ನೂ ಕಟ್ಟಿದ್ದು ಒಂದೇ ಮೂಲದ ಜನ ಅಂದುಕೊಂಡರು. ಆ ಊಹೆ ಈಗ ಬಿದ್ದುಹೋಗಿದೆ. ಅವರ ಚಿತ್ರಗಳು ಮಾತ್ರ ಇವತ್ತಿಗೂ ಕೆಲಸಕ್ಕೆ ಬರುತ್ತವೆ.

ಸಮಾಧಿಗಳಲ್ಲಿ ಮತ್ತೆ ಮತ್ತೆ ಸಿಗುವ ಸಾಮಾನು ಹೆಚ್ಚು ಕಡಿಮೆ ಒಂದೇ. ಮೊದಲನೆಯದು ಕಪ್ಪು-ಕೆಂಪು ಮಡಕೆ. ಒಳಗೆಲ್ಲ ಕಪ್ಪು, ಬಾಯಿಯ ಅಂಚೂ ಕಪ್ಪು, ಹೊರಮೈ ಕೆಂಪು. ಬಣ್ಣ ಬಳಿದದ್ದಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಭಾಗಕ್ಕೆ ಗಾಳಿ ಸಿಗುವುದಿಲ್ಲ, ಅಲ್ಲಿ ಹೊಗೆ ಹಿಡಿದು ಕಪ್ಪಾಗುತ್ತದೆ. ಗಾಳಿ ಆಡಿದ ಹೊರಮೈ ಕೆಂಪಾಗುತ್ತದೆ. ಎರಡನೆಯದು ಕಬ್ಬಿಣ: ಕತ್ತಿ, ಕೊಡಲಿ, ಕುಡುಗೋಲು, ಬಾಣದ ಮೊನೆ. ಮೂರನೆಯದು ಮಣಿಗಳು.

ಮೂಳೆಗಳ ವಿಷಯ ಸ್ವಲ್ಪ ವಿಚಿತ್ರ. ಎಷ್ಟೋ ಕಡೆ ಒಂದೇ ಸಮಾಧಿಯಲ್ಲಿ ಹಲವರ ಮೂಳೆ ಇರುತ್ತದೆ. ಆದರೆ ಅಂಥ ಕಡೆ ಸಾಮಾನ್ಯವಾಗಿ ಯಾರದೂ ಪೂರ್ತಿ ಇರುವುದಿಲ್ಲ. ಅಂದರೆ ಹೆಣವನ್ನು ಮೊದಲು ಬೇರೆಲ್ಲೋ ಇಟ್ಟು, ಮಾಂಸವೆಲ್ಲ ಹೋದ ಮೇಲೆ ಉಳಿದ ಮೂಳೆಗಳಲ್ಲಿ ಕೆಲವನ್ನು ಆರಿಸಿ ತಂದು ಇಲ್ಲಿ ಇಟ್ಟಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ಮಾಡಿದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇದಕ್ಕೊಂದು ವಿವರಣೆ ಕೊಟ್ಟರು. ಅಲ್ಲಿ ಎರಡು ಬಗೆಯ ರಚನೆಗಳು ಅಕ್ಕಪಕ್ಕದಲ್ಲಿದ್ದವು. ಒಂದು, ಕಲ್ಲಿನ ಪೆಟ್ಟಿಗೆ. ಇನ್ನೊಂದು, ಕಲ್ಲಿನ ವೃತ್ತದ ನಡುವೆ ತೋಡಿದ ದೊಡ್ಡ ಗುಂಡಿ. ಗುಂಡಿಯ ತಳದಲ್ಲಿ ಚಟ್ಟ ಇಡಲು ಆಧಾರವಾಗಿ ನಾಲ್ಕು ಕಲ್ಲು ಇದ್ದವು, ಮೂಳೆಗಳು ಅಷ್ಟಾಗಿ ಇರಲಿಲ್ಲ. ಹೆಣವನ್ನು ಮೊದಲು ಗುಂಡಿಯಲ್ಲಿ ಇಟ್ಟು, ಆಮೇಲೆ ಮೂಳೆಗಳನ್ನು ಪೆಟ್ಟಿಗೆಗೆ ಸಾಗಿಸುತ್ತಿದ್ದರು ಎಂಬುದು ಅವರ ಊಹೆ.

ಬ್ರಹ್ಮಗಿರಿಯ ಪೆಟ್ಟಿಗೆಗಳ ಕಟ್ಟಡದ ಜಾಣತನ ನೋಡಬೇಕು. ರಟ್ಟಿನ ಡಬ್ಬದ ಬಾಯಿ ಮುಚ್ಚುವಾಗ ಮಡಚುವ ನಾಲ್ಕು ಅಂಚುಗಳನ್ನು ಒಂದರ ಕೆಳಗೊಂದು ಸಿಕ್ಕಿಸುತ್ತೇವಲ್ಲ, ಹಾಗೆ ನಾಲ್ಕು ಚಪ್ಪಡಿಗಳೂ ಒಂದು ತುದಿಯಲ್ಲಿ ಪಕ್ಕದ ಚಪ್ಪಡಿಯನ್ನು ದಾಟಿ ನಿಂತಿವೆ. ಮೇಲಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಒತ್ತಿದಷ್ಟೂ ಚಪ್ಪಡಿಗಳು ಒಂದಕ್ಕೊಂದು ಬಿಗಿಯಾಗುತ್ತವೆ, ಒಳಗೆ ಕುಸಿಯುವುದಿಲ್ಲ. ಗಾರೆ ಬೇಡ, ಮೊಳೆ ಬೇಡ. ಪೂರ್ವ ದಿಕ್ಕಿನ ಚಪ್ಪಡಿಯಲ್ಲಿ ಒಂದು ದುಂಡು ಕಂಡಿ ಕೊರೆದಿದ್ದಾರೆ. ಮತ್ತೆ ಮತ್ತೆ ಮೂಳೆ ತಂದು ಇಡಲು ಅದು ಬಾಗಿಲಿನ ಹಾಗೆ ಬಳಕೆಯಾಗಿರಬೇಕು.

ಯಾವ ಕಾಲದ್ದು?

ದಕ್ಷಿಣ ಭಾರತದ ಈ ಸಮಾಧಿಗಳನ್ನು ಸುಮಾರು ಕ್ರಿ.ಪೂ. 1200ರಿಂದ ಕ್ರಿಸ್ತಶಕದ ಆರಂಭದ ತನಕದ ಕಾಲಕ್ಕೆ ಸೇರಿಸುತ್ತಾರೆ. ಅದು ಕಬ್ಬಿಣ ಬಳಕೆಗೆ ಬಂದ ಕಾಲ. ಲಿಪಿ ಇರಲಿಲ್ಲ. ಅಶೋಕನ ಶಾಸನಗಳು ಬಂದದ್ದು ಈ ಅವಧಿಯ ಕೊನೆಯ ಕಡೆಗೆ. ಅಂದರೆ ಬ್ರಹ್ಮಗಿರಿಯಲ್ಲಿ ಅಶೋಕನ ಕಡೆಯವರು ಬಂಡೆಯ ಮೇಲೆ ಅಕ್ಷರ ಕೆತ್ತುವಾಗ ಅಲ್ಲಿನ ಜನ ಸಮಾಧಿಗೆ ಚಪ್ಪಡಿ ಎಬ್ಬಿಸುತ್ತಿದ್ದಿರಬಹುದು.

ಈ ಕಾಲ ಗೊತ್ತಾದದ್ದು ನಿಧಾನವಾಗಿ. ವೀಲರ್ ಅಗೆದಾಗ ಇಂಗಾಲದ ಪರೀಕ್ಷೆ, ಅಂದರೆ ಇದ್ದಿಲು, ಮೂಳೆಯಲ್ಲಿ ಉಳಿದ ಇಂಗಾಲ ಅಳೆದು ವಯಸ್ಸು ಹೇಳುವ ವಿಧಾನ, ಇನ್ನೂ ಬಂದಿರಲಿಲ್ಲ. ರೋಮ್ ಜೊತೆಗಿನ ವ್ಯಾಪಾರದ ಕಾಲದ ಮಡಕೆ ಮತ್ತು ನಾಣ್ಯಗಳನ್ನು ಅಳತೆಗೋಲಾಗಿ ಇಟ್ಟುಕೊಂಡು ಅವರು ಲೆಕ್ಕ ಹಾಕಿದರು. ಬ್ರಹ್ಮಗಿರಿಯ ಸಮಾಧಿಗಳಿಗೆ ಕ್ರಿ.ಪೂ. 200ರಿಂದ ಕ್ರಿ.ಶ. 50ರ ತನಕದ ಅವಧಿ ಕೊಟ್ಟರು. ಆಮೇಲೆ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕಬ್ಬಿಣದ ಜೊತೆ ಸಿಕ್ಕ ಇದ್ದಿಲನ್ನು ಪರೀಕ್ಷೆ ಮಾಡಿದರು. ಅದು ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ಒಂದೇ ಏಟಿಗೆ ಎಂಟು ಶತಮಾನ ಹಿಂದಕ್ಕೆ.

ಆದರೂ ನೀವು ಕಂಡ ಒಂದು ನಿರ್ದಿಷ್ಟ ಗುಪ್ಪೆಯ ವಯಸ್ಸು ಹೇಳುವುದು ಕಷ್ಟ. ಕಲ್ಲಿನ ವಯಸ್ಸು ಅಳೆದು ಪ್ರಯೋಜನವಿಲ್ಲ, ಅದು ಕೋಟ್ಯಂತರ ವರ್ಷದ್ದು. ಕಲ್ಲನ್ನು ಅಲ್ಲಿ ಇಟ್ಟದ್ದು ಯಾವಾಗ ಅನ್ನುವುದು ಪ್ರಶ್ನೆ. ಅದಕ್ಕೆ ಒಳಗಿನ ಇದ್ದಿಲು, ಮೂಳೆ, ಮಡಕೆಯೇ ಸಾಕ್ಷಿ.

ಅಲ್ಲೇ ಯಾಕೆ?

ಇಷ್ಟು ಹೊತ್ತು ಸಮಾಧಿಯ ಒಳಗೆ ಇಣುಕಿದೆವು. ಹಿಂದಿನ ತಲೆಮಾರಿನ ಸಂಶೋಧಕರಲ್ಲಿ ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಿದ್ದರು. ಈಗಿನವರು ಬೆನ್ನು ತಿರುಗಿಸಿ ಸುತ್ತ ನೋಡುತ್ತಾರೆ. ನನಗಂತೂ ಇದೇ ಹೆಚ್ಚು ಕುತೂಹಲದ ಭಾಗ. ಒಳಗಿನ ಸಾಮಾನು ಸತ್ತವರ ಬಗ್ಗೆ ಹೇಳಿದರೆ, ಸಮಾಧಿ ಇರುವ ಜಾಗ ಬದುಕಿದ್ದವರ ಬಗ್ಗೆ ಹೇಳುತ್ತದೆ.

ಮೊದಲ ಕಾರಣ ತೀರಾ ಸರಳ: ಕಲ್ಲು ಎಲ್ಲಿದೆಯೋ ಅಲ್ಲಿ. ಕಣಶಿಲೆಯ (ಗ್ರಾನೈಟ್) ಹುಟ್ಟುಬಂಡೆ ಬಿಸಿಲು, ಚಳಿಗೆ ಹಿಗ್ಗಿ ಕುಗ್ಗಿ ಪದರ ಪದರವಾಗಿ ಏಳುತ್ತದೆ. ಅಂಥ ಕಡೆ ಚಪ್ಪಡಿ ಸುಲಭವಾಗಿ ಸಿಗುತ್ತದೆ, ಹಾಗಾಗಿ ಅಲ್ಲಿ ಕಲ್ಲಿನ ಮನೆ, ಕಲ್ಲಿನ ಪೆಟ್ಟಿಗೆ. ಗುಂಡುಕಲ್ಲುಗಳೇ ಹರಡಿರುವ, ಅಗೆಯಲು ಮಣ್ಣೂ ಇರುವ ಬಯಲಿನಲ್ಲಿ ಗುಪ್ಪೆ ಮತ್ತು ವೃತ್ತ. ಕೇರಳದಲ್ಲಿ ಮೆತ್ತಗಿನ ಮುರಕಲ್ಲು ಸಿಗುತ್ತದೆ, ಅಲ್ಲಿ ಅದರಲ್ಲೇ ಗುಹೆಯ ಹಾಗೆ ಕೊರೆದಿದ್ದಾರೆ.

ಆದರೆ ಕಲ್ಲು ಇರುವ ಕಡೆಯಲ್ಲೆಲ್ಲ ಸಮಾಧಿ ಇಲ್ಲ. ಬಂಡೆಗುಡ್ಡ ನೂರಿದ್ದರೆ ಸಮಾಧಿ ಇರುವುದು ಕೆಲವೇ ಕಡೆ. ಅಂದರೆ ಆಯ್ಕೆ ನಡೆದಿದೆ. ಯಾವ ಆಧಾರದ ಮೇಲೆ?

ನೆಲದ ಬೆಲೆ ಒಂದು. ಎಷ್ಟೋ ಸಮಾಧಿ ಗುಂಪುಗಳು ಉಳುಮೆಗೆ ಬರದ ಜಾಗದಲ್ಲಿವೆ. ಗುಡ್ಡದ ಬುಡ, ಬಂಡೆ ಹಾಸು, ಕಲ್ಲುಬೋರೆ. ಅಲ್ಲಿಂದ ಸ್ವಲ್ಪ ಕೆಳಗೆ ಇಳಿದರೆ ಒಳ್ಳೆಯ ಹೊಲ ಅಥವಾ ಹುಲ್ಲುಗಾವಲು. ಬಿತ್ತಬಹುದಾದ ನೆಲವನ್ನು ಬಿಟ್ಟು, ಅದರ ಅಂಚಿನಲ್ಲಿ ಸತ್ತವರಿಗೆ ಜಾಗ ಕೊಟ್ಟಿದ್ದಾರೆ.

ಎರಡನೆಯದು ನೀರು. ಸಮಾಧಿಗಳ ಪಕ್ಕದಲ್ಲಿ ಹಳ್ಳವೋ ಬಂಡೆಯ ದೊಣೆಯೋ ಇರುವುದು ಸಾಮಾನ್ಯ. ಕಲ್ಲು ಎಬ್ಬಿಸಿ, ಸಾಗಿಸಿ, ನಿಲ್ಲಿಸುವ ತನಕ ಜನ ಅಲ್ಲೇ ದಿನಗಟ್ಟಲೆ ಇರಬೇಕಲ್ವಾ? ಒಂದು ಲೆಕ್ಕ ಹಾಕಿ ನೋಡಿ. 3 ಮೀಟರ್ ಉದ್ದ, 2 ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಕಣಶಿಲೆ ಚಪ್ಪಡಿ ಅಂದರೆ 3 ಟನ್ನಿಗಿಂತ ಜಾಸ್ತಿ ತೂಕ. ಬೆಂಕಿ ಹಾಕಿ ಬಂಡೆ ಕಾಯಿಸಿ ಪದರ ಬಿಡಿಸುವವರು, ಬೆಣೆ ಹೊಡೆಯುವವರು, ಸನ್ನೆಕೋಲು ಹಾಕುವವರು, ಎಳೆಯುವವರು, ಇವರಿಗೆಲ್ಲ ಅಡುಗೆ ಮಾಡುವವರು. ಒಂದು ಮನೆಯವರಿಂದ ಆಗುವ ಕೆಲಸ ಅಲ್ಲ. ಇಡೀ ಊರು, ಬಹುಶಃ ಸುತ್ತಲಿನ ನಾಲ್ಕಾರು ಊರು ಸೇರಿರಬೇಕು. ಕಲ್ಲುಗುಪ್ಪೆಗೆ ಇಷ್ಟು ಕಷ್ಟ ಇಲ್ಲ, ಹೊತ್ತು ತರಬಹುದಾದ ಕಲ್ಲುಗಳೇ ಸಾಕು. ಆದರೂ ಅದು ಒಬ್ಬಿಬ್ಬರ ಕೆಲಸ ಅಲ್ಲ.

ಮೂರನೆಯದು ಕಣ್ಣಿಗೆ ಬೀಳುವುದು. ಬಯಲಿನಿಂದ ಬರುವವರಿಗೆ ದಿಬ್ಬದ ಅಂಚಿನ ಗುಪ್ಪೆ ದೂರದಿಂದಲೇ ಕಾಣುತ್ತದೆ. ದನ, ಕುರಿ ಮೇಯಿಸುತ್ತ ಓಡಾಡುವ ಜನರಿಗೆ, ಹೊಸದಾಗಿ ಹೊಲ ಮಾಡಿಕೊಂಡವರಿಗೆ ಈ ನೆಲ ನಮ್ಮ ಹಿರಿಯರದ್ದು ಎಂದು ತೋರಿಸುವ ಗುರುತು ಅದು ಎಂದು ಹಲವು ಸಂಶೋಧಕರು ಅರ್ಥ ಮಾಡುತ್ತಾರೆ. ಪತ್ರ, ಪಹಣಿ ಇಲ್ಲದ ಕಾಲದಲ್ಲಿ ಅಜ್ಜನ ಸಮಾಧಿಗಿಂತ ಗಟ್ಟಿ ಸಾಕ್ಷಿ ಇನ್ನೇನಿದ್ದೀತು? ಇದು ಅರ್ಥೈಸುವಿಕೆ ಮಾತ್ರ, ಮೂಳೆಯ ಹಾಗೆ ಕೈಗೆ ಸಿಗುವ ಪುರಾವೆ ಅಲ್ಲ. ಆದರೆ ಗುಪ್ಪೆಗಳು ಇರುವ ಜಾಗಗಳಿಗೆ ಅದು ಚೆನ್ನಾಗಿ ಹೊಂದುತ್ತದೆ.

ಊರಿಗೂ ಸಮಾಧಿಗೂ ಎಷ್ಟು ದೂರ ಅನ್ನುವುದಕ್ಕೆ ಒಂದೇ ನಿಯಮ ಇಲ್ಲ. ಬ್ರಹ್ಮಗಿರಿಯಲ್ಲಿ ಜನ ವಾಸಿಸಿದ್ದು ಗುಡ್ಡದ ಇಳಿಜಾರಿನಲ್ಲಿ, ಸಮಾಧಿಗಳು ಅದಕ್ಕೆ ಹತ್ತಿಕೊಂಡೇ ಇವೆ. ಬೇರೆ ಕೆಲವು ಕಡೆ ಸಮಾಧಿಗಳು ಮಾತ್ರ ಕಾಣುತ್ತವೆ, ಊರಿನ ಸುಳಿವೇ ಇಲ್ಲ. ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಮನೆಗಳು ಕರಗಿಹೋಗಿವೆ, ಕಲ್ಲು ಉಳಿದಿದೆ. ಇದರಿಂದಾಗಿ ಇವರಿಗೆ ಊರೇ ಇರಲಿಲ್ಲ, ಬರೀ ಅಲೆಮಾರಿಗಳು ಎಂಬ ವಾದವೂ ಒಂದು ಕಾಲಕ್ಕೆ ಇತ್ತು.

ಹಿರೇಬೆಣಕಲ್ ಗುಡ್ಡವನ್ನು ನೋಡುವ ಬಗೆ

ಮೇಲೆ ಹೇಳಿದ್ದೆಲ್ಲ ಒಂದೇ ಕಡೆ ನೋಡಬೇಕೆಂದರೆ ಗಂಗಾವತಿ ತಾಲೂಕಿನ ಹಿರೇಬೆಣಕಲ್‌ಗೆ ಹೋಗಬೇಕು. ತುಂಗಭದ್ರೆಯ ಎಡದಂಡೆಯ ಕಡೆಯ ಬಂಡೆಗುಡ್ಡಗಳು. ಊರವರು ಮೊರೇರ ಗುಡ್ಡ ಎನ್ನುತ್ತಾರೆ. ವಾಹನ ಹೋಗುವುದಿಲ್ಲ, ಕಲ್ಲುಗಳ ನಡುವೆ ನಡೆದೇ ಏರಬೇಕು. ಬೇಸಿಗೆಯಲ್ಲಿ ಹೋಗುವವರು ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು, ನೆರಳು ಕಡಿಮೆ.

ಮೇಲೆ 400ಕ್ಕೂ ಹೆಚ್ಚು ರಚನೆಗಳಿವೆ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರಕ್ಕೂ ಮೀರಿದವು. ಕೆಲವು ಚಪ್ಪಡಿಗಳಲ್ಲಿ ದುಂಡು ಕಂಡಿ ಇದೆ. ನಡುವೆ ಒಂದು ಕೆರೆ. ಅದರ ಬಳಿ ಕಲ್ಲು ಎಬ್ಬಿಸಿದ ಗುರುತುಗಳಿವೆ. ಚಪ್ಪಡಿಗಾಗಿ ಕಲ್ಲು ತೆಗೆದ ಜಾಗದಲ್ಲೇ ನೀರು ನಿಂತು ಕೆರೆಯಾಯಿತು ಎಂದು ಸಂಶೋಧಕರು ಹೇಳುತ್ತಾರೆ. ಅಂದರೆ ಸತ್ತವರಿಗೆ ಮನೆ ಕಟ್ಟುವ ಕೆಲಸ ಬದುಕಿರುವವರಿಗೆ, ಅವರ ದನಕರುಗಳಿಗೆ ನೀರನ್ನೂ ಕೊಟ್ಟಿತು. ಗುಡ್ಡದಲ್ಲಿ ಹೊಸ ಸಮಾಧಿ ಎದ್ದ ಹಾಗೆ ಗುಡ್ಡದ ರೂಪವೂ ಬದಲಾಗಿದೆ.

ಇನ್ನೊಂದು ಬಂಡೆಯ ಮೇಲೆ ಅರ್ಧ ಗೋಳದ ಆಕಾರದ ದೊಡ್ಡ ಕಲ್ಲು ಕೂತಿದೆ. ಬೇರೆ ಕಲ್ಲಿನಿಂದ ಬಡಿದರೆ ನಗಾರಿಯ ಹಾಗೆ ಮೊಳಗುತ್ತದೆ, ದೂರದ ತನಕ ಕೇಳುತ್ತದೆ. ಜನರನ್ನು ಸೇರಿಸಲು ಬಾರಿಸುತ್ತಿದ್ದರೋ, ಸಾವಿನ ಆಚರಣೆಗೋ, ಎರಡಕ್ಕೂ ಇರಬಹುದು. ಹತ್ತಿರದ ಕಲ್ಲಾಸರೆಗಳಲ್ಲಿ, ಅಂದರೆ ಚಾಚಿದ ಬಂಡೆಯ ಕೆಳಗಿನ ಆಸರೆಯ ಜಾಗಗಳಲ್ಲಿ, ಬಣ್ಣದ ಚಿತ್ರಗಳೂ ಇವೆ. ಹೀಗೆ ಸಮಾಧಿ, ನೀರು, ಸದ್ದು, ಚಿತ್ರ ಎಲ್ಲ ಒಂದೇ ಗುಡ್ಡದಲ್ಲಿ. ಇದನ್ನು ಸ್ಮಶಾನ ಎಂದಷ್ಟೇ ಕರೆದರೆ ಅರ್ಧ ಹೇಳಿದ ಹಾಗೆ.

ಸೂರ್ಯನಿಗೂ ಕಲ್ಲಿಗೂ ಸಂಬಂಧ ಇದೆಯಾ?

ಇದೆ ಅನ್ನುವ ಸುಳಿವುಗಳಿವೆ. ಬ್ರಹ್ಮಗಿರಿಯ ಪೆಟ್ಟಿಗೆಗಳ ಕಂಡಿ ಪೂರ್ವಕ್ಕೆ ಇರುವುದು ಒಂದು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ನಿಲಸ್‌ಕಲ್ ಮತ್ತು ಬೈಸೆಯ ನಿಲಸುಗಲ್ಲುಗಳನ್ನು ಶ್ರೀಕುಮಾರ್ ಮೆನನ್ ಮತ್ತು ಸಂಗಡಿಗರು ಅಳೆದು ನೋಡಿದ್ದಾರೆ. ಕೆಲವು ಜೋಡಿ ಕಲ್ಲುಗಳ ನೇರಕ್ಕೆ ನಿಂತು ನೋಡಿದರೆ ಜೂನ್ ಮತ್ತು ಡಿಸೆಂಬರ್‌ನ ಅಯನದ ದಿನಗಳಲ್ಲಿ ಸೂರ್ಯ ಹುಟ್ಟುವ ಇಲ್ಲವೇ ಮುಳುಗುವ ಬಿಂದು ಸಿಗುತ್ತದೆ ಎಂದು ಅವರು ತೋರಿಸಿದ್ದಾರೆ. ಅಯನ ಅಂದರೆ ಸೂರ್ಯ ತೀರಾ ಉತ್ತರಕ್ಕೋ ದಕ್ಷಿಣಕ್ಕೋ ಹೋಗಿ ಮರಳಲು ಶುರುಮಾಡುವ ದಿನ. ಮಳೆ ನಂಬಿದ ಬೇಸಾಯಕ್ಕೆ ಅಂಥ ಲೆಕ್ಕ ಬೇಕೇ ಬೇಕು.

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಹತ್ತಾರು ಕಲ್ಲುಗಳಿದ್ದರೆ ಅವುಗಳಲ್ಲಿ ಯಾವುದೋ ಎರಡು ಆಕಸ್ಮಿಕವಾಗಿಯೂ ಸೂರ್ಯನ ನೇರಕ್ಕೆ ಬರಬಹುದು. ಅದಕ್ಕೇ ಸಂಶೋಧಕರು ಒಂದೇ ನೇರ ಮತ್ತೆ ಮತ್ತೆ ಸಿಗುತ್ತದೆಯಾ ಎಂದು ಹುಡುಕುತ್ತಾರೆ. ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಗುಂಡುಕಲ್ಲುಗಳನ್ನು ಸಾಲು ಸಾಲಾಗಿ, ಸಮ ಅಂತರದಲ್ಲಿ ಇಟ್ಟಿದ್ದಾರೆ. ಅಲ್ಲಿ ಆಕಸ್ಮಿಕದ ಮಾತೇ ಬರುವುದಿಲ್ಲ. ಯಾಕೆ ಇಟ್ಟರು ಅನ್ನುವುದರ ಬಗ್ಗೆ ಮಾತ್ರ ಚರ್ಚೆ ನಿಂತಿಲ್ಲ.

ಆಮೇಲೆ ಬಂದವರು ಏನು ಮಾಡಿದರು?

ಕಟ್ಟಿದವರ ನೆನಪು ಅಳಿಸಿಹೋಯಿತು, ಕಲ್ಲುಗಳು ಉಳಿದವು. ಆಮೇಲಿನ ಜನ ತಮಗೆ ತೋಚಿದ ಕಥೆ ಕಟ್ಟಿದರು. ಕಲ್ಲಿನ ಮನೆ ಕುಳ್ಳಗಿದೆ, ಹಾಗಾಗಿ ಅದರಲ್ಲಿ ಇದ್ದವರು ಕುಳ್ಳರೇ ಇರಬೇಕು. ಅವರೇ ಮೊರೇರು. ಬೆಂಕಿ ಮಳೆ ಬಂದು ಅವರೆಲ್ಲ ನಾಶವಾದರು ಎಂಬ ಕಥೆಯೂ ಇದರ ಜೊತೆಗಿದೆ. ಬೇರೆ ಕಡೆ ಇವು ವನವಾಸದ ಪಾಂಡವರು ಕಟ್ಟಿಕೊಂಡ ಮನೆಗಳು. ಕಥೆ ಏನೇ ಇರಲಿ, ಒಂದು ಲಾಭವಾಯಿತು: ಪಾಂಡವರ ಮನೆ ಅಂದುಕೊಂಡ ಕಲ್ಲನ್ನು ಯಾರೂ ಸುಲಭಕ್ಕೆ ಮುಟ್ಟಲಿಲ್ಲ.

ಐಹೊಳೆಯ ಮೇಗುತಿ ಗುಡ್ಡದ ಮೇಲೆ ಇನ್ನೊಂದು ಬಗೆ ಕಾಣುತ್ತದೆ. ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇರುವ, ಚಾಲುಕ್ಯರ ಕಾಲದ ಜೈನ ಬಸದಿ ಎಲ್ಲರಿಗೂ ಗೊತ್ತು. ಅದರ ಹಿಂದೆ ನಡೆದರೆ ಕಲ್ಲಿನ ಸಮಾಧಿಗಳು ಸಿಗುತ್ತವೆ. ಬಸದಿ ನೋಡಲು ಬಂದವರಲ್ಲಿ ಹೆಚ್ಚಿನವರು ಅಲ್ಲಿಯ ತನಕ ಹೋಗುವುದೇ ಇಲ್ಲ. ಚಾಲುಕ್ಯರಿಗಿಂತ ಶತಮಾನಗಳ ಹಿಂದೆಯೇ ಆ ಎತ್ತರದ ಜಾಗವನ್ನು ಯಾರೋ ಆರಿಸಿಕೊಂಡಿದ್ದರು.

ಹೊಲದಲ್ಲಿ ಕಂಡರೆ ಗುರುತಿಸುವುದು ಹೇಗೆ?

ಹೊಲ ಹಸನು ಮಾಡುವಾಗ ರೈತರೂ ಕಲ್ಲು ಆರಿಸಿ ಬದುವಿನ ಮೇಲೆ ಗುಡ್ಡೆ ಹಾಕುತ್ತಾರೆ. ಎಲ್ಲ ಗುಡ್ಡೆಯೂ ಸಮಾಧಿಯಲ್ಲ. ಬುಡದ ಸುತ್ತ ದಪ್ಪ ಕಲ್ಲುಗಳು ದುಂಡಗೆ ಕೂತಿದ್ದು, ಅರ್ಧ ಮಣ್ಣಿನಲ್ಲಿ ಹುದುಗಿದ್ದರೆ ಅನುಮಾನ ಪಡಬಹುದು. ನಡುಭಾಗ ತುಸು ಕುಸಿದಿದ್ದರೆ ಕೆಳಗೆ ಗುಂಡಿಯೋ ಪೆಟ್ಟಿಗೆಯೋ ಇರಬಹುದು. ಹತ್ತಿರದಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆ ಚೂರು ಸಿಕ್ಕರೆ ಅನುಮಾನ ಗಟ್ಟಿಯಾಗುತ್ತದೆ. ಒಂದು ಕಂಡರೆ ಸುತ್ತ ಇನ್ನೂ ಕೆಲವು ಇರುತ್ತವೆ, ಒಂಟಿ ಗುಪ್ಪೆ ಅಪರೂಪ.

ಕಲ್ಲಿನ ಮನೆಗಿಂತ ಗುಪ್ಪೆ ಬೇಗ ಮಾಯವಾಗುತ್ತದೆ. ಅದರ ಕಲ್ಲು ಎತ್ತಲು ಹಗುರ. ಮನೆಯ ತಳಪಾಯಕ್ಕೆ, ಬದುವಿಗೆ, ರಸ್ತೆಗೆ, ಈಗ ಜಲ್ಲಿಗೆ ಹೊರಟುಹೋಗುತ್ತದೆ. ಇನ್ನು ಕೆಲವನ್ನು ನಿಧಿಯ ಆಸೆಗೆ ಅಗೆದು ಹಾಳು ಮಾಡಿದ್ದಾರೆ. ಕೊಪ್ಪರಿಗೆ ಹೊನ್ನು ಇಲ್ಲಿ ಇರುವುದಿಲ್ಲ, ಸಿಗುವುದು ಮಡಕೆ ಚೂರು, ತುಕ್ಕು ಹಿಡಿದ ಕಬ್ಬಿಣ, ಪುಡಿಯಾದ ಮೂಳೆ. ಆದರೆ ಒಮ್ಮೆ ಪದರ ಕಲಕಿದರೆ ಯಾವುದು ಯಾವುದರ ಜೊತೆ ಇತ್ತು ಅನ್ನುವ ಸಾಕ್ಷಿ ಹೋದಂತೆಯೇ.

ಕಾನೂನಿನ ಮಾತು ಚಿಕ್ಕದು. ಹಿರೇಬೆಣಕಲ್‌ನಂಥ ಕೇಂದ್ರ ಸಂರಕ್ಷಿತ ಜಾಗದ ಸುತ್ತ 100 ಮೀಟರ್ ತನಕ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಪ್ರತ್ಯೇಕ ಕಾಯ್ದೆ ಇದೆ. ಎರಡೂ ಪಟ್ಟಿಯಲ್ಲಿ ಇಲ್ಲದ ಗುಪ್ಪೆಗಳೇ ಜಾಸ್ತಿ. ಅಂಥದ್ದು ಕಂಡರೆ ಕಲ್ಲು ಕದಲಿಸದೆ, ಗುಪ್ಪೆಯ ಫೋಟೋ, ಸುತ್ತಲಿನ ಗುಡ್ಡ ಹಳ್ಳ ಕಾಣುವ ಹಾಗೆ ಇನ್ನೊಂದು ಫೋಟೋ, ಫೋನಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶ ಬರೆದುಕೊಂಡು ರಾಜ್ಯ ಪುರಾತತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಿಳಿಸಬಹುದು. ಉಳುವಾಗ ಮಡಕೆ ಅಥವಾ ಕಬ್ಬಿಣ ಮೇಲೆ ಬಂದರೆ ಅದು ಸಿಕ್ಕ ಜಾಗವನ್ನೂ, ಎಷ್ಟು ಆಳದಲ್ಲಿತ್ತು ಅನ್ನುವುದನ್ನೂ ಗುರುತು ಹಾಕಿಟ್ಟರೆ ಅಗೆಯುವವರಿಗೆ ಮುಂದೆ ತುಂಬಾ ಸಹಾಯವಾಗುತ್ತದೆ.